ಅಡುಗೆ ಕಲಿಸಿದವರು

ಒಗ್ಗರಣೆಗೆ ಬೆಳ್ಳುಳ್ಳಿ ಬಿತ್ತು, ಚೊರ್ ಎಂದಿತು, ಅವ್ವ ಆಗಲೇ ಅಡುಗೆಮನೆ ಸೇರಿಬಿಟ್ಟಿದ್ದಾಳೆ, ಏನೂ ಆಗದವಳ ಹಾಗೆ, ಮಂಜುಳಾ ಮಾತ್ರ ನಡುಮನೆಯ ಕಂಪ್ಯೂಟರಿನ ಮುಂದಿನಿಂದ ಎದ್ದಿಲ್ಲ, ಎದ್ದರೆ ಅವ್ವನ ಮುಖ ನೋಡಬೇಕು — ಪರದೆಯ ಮೇಲೆ ಆ ಸಾಲು ಅಲುಗಾಡದೆ ಕೂತಿದೆ, ಮನೆಯಲ್ಲಿ ಅಡುಗೆ ಕಲಿಸಿದವರು ಯಾರೂ ಇಲ್ಲ, ಅದನ್ನು ಒಂದೊಂದೇ ಅಕ್ಷರ ಕೂಡಿಸಿ ಓದಿದ ಅವ್ವನ ದನಿ, ಥೂ, ಈ ಬಡಿವಾರ ಯಾಕೆ ಬೇಕಿತ್ತು, ಬಾರವ್ವ, ಕಂಪ್ಯೂಟರಲ್ಲಿ ಅಡುಗೆ ಪಾಠ ಹೇಳ್ತಾರೆ, ಕನ್ನಡದಲ್ಲೇ ಐತೆ, ಎಂದು ಮಸಾಲೆ ಅರೆಯುತ್ತಿದ್ದವಳನ್ನು ಕೈ ತೊಳೆಯಲೂ ಬಿಡದೆ ಎಳೆದು ತಂದದ್ದು ತಾನೇ. ಪುಟ ತೆರೆದದ್ದೇ ತಡ, ಇಷ್ಟು ದಿನ ಓದದೆ ದಾಟಿಬಿಡುತ್ತಿದ್ದ ಸಾಲುಗಳು, ಮತ್ತೆ ಸ್ವಾಗತ ಮಂಜುಳಾ, ಕೆಳಗೆ ಆ ಸಾಲು, ಅದರ ಕೆಳಗೆ, ನಿಮಗಾಗಿ ಮೊದಲ ಪಾಠ: ಅನ್ನ ಮಾಡುವುದು. ಹೋದ ವಾರ ಸೇರಿಕೊಳ್ಳುವಾಗ ಕೇಳಿತ್ತು, ಅಡುಗೆ ಯಾರಿಂದ ಕಲಿತಿರಿ, ತಾಯಿ, ಅಜ್ಜಿ, ಅತ್ತೆ, ಯಾರೂ ಇಲ್ಲ, ಮೊದಲು ತಾಯಿ ಎಂದೇ ಒತ್ತಿದ್ದಳು, ಅದು ಸುಳ್ಳಲ್ಲ, ಆಮೇಲೆ ತಾಯಿ ಕಲಿಸಿದ ವಿಶೇಷ ಅಡುಗೆ ಯಾವುದು ಎಂದಿತು, ಪುಳಿಯೋಗರೆ, ಹೋಳಿಗೆ, ಬಿಸಿಬೇಳೆಬಾತು, ಕೊನೆಗೆ ಇತರೆ ಎಂದು ಖಾಲಿ ಜಾಗ, ಬೋಟಿ ಗೊಜ್ಜು ಎಂದು ಬರೆಯಬೇಕಿತ್ತು, ಕುರಿ ಕರುಳು, ಬಿಸಿನೀರಲ್ಲಿ ಮೂರು ಸತಿ ಉಜ್ಜಿ ತೊಳೀಬೇಕು ಕಣೇ, ವಾಸ್ನೆ ಉಳೀಬಾರ್ದು, ಅವ್ವ ಹೇಳಿಕೊಟ್ಟದ್ದು, ಬೋ ಎಂಬಲ್ಲಿಗೆ ಕೈ ನಿಂತಿತು, ಅಳಿಸಿತು, ಹಿಂದಕ್ಕೆ ಹೋಗಿ ಯಾರೂ ಇಲ್ಲ ಒತ್ತಿತು. ಪಕ್ಕದಲ್ಲಿ ಯಾರಿದ್ದರು? ಅನುಸೂಯಮ್ಮ ಇದ್ದಿದ್ದರೆ ಹೋಗಲಿ ಎನ್ನಬಹುದಿತ್ತು, ಆಫೀಸಿನಲ್ಲಿ ಪಕ್ಕದ ಮೇಜಿನವರು, ಮಾಂಸ ಮುಟ್ಟದವರು, ಭಾನುವಾರ ನಿಮ್ಮನೆ ಊಟಕ್ಕೇ ಬರ್ತೀನಿ ಕಣ್ರೀ, ನಿಮ್ಮಮ್ಮ ಏನ್ ಚೆನ್ನಾಗ್ ಮಾಡ್ತಾರೆ, ಎಂದು ಕೇಳಿದಾಗ ಪುಳಿಯೋಗರೆ ಎಂದು ಬಾಯಿಗೆ ಬಂದದ್ದು ಹೇಳಿ, ಅದನ್ನು ಕಲಿಯಲೆಂದೇ ಅಲ್ಲವೇ ಇಲ್ಲಿ ಸೇರಿದ್ದು, ಆದರೆ ಅವತ್ತು ಮನೆಯಲ್ಲಿ ಒಬ್ಬಳೇ, ಬಾಗಿಲು ಹಾಕಿತ್ತು, ಯಾರೂ ಇಲ್ಲದ ಕಡೆ, ಒಂದು ಯಂತ್ರದ ಮುಂದೆ, ಹೆತ್ತವಳನ್ನು ಬಚ್ಚಿಟ್ಟೆಯಲ್ಲೇ. ಗಂಡ ಮೊನ್ನೆಯೇ ನಕ್ಕಿದ್ದ, ಪುಳಿಯೋಗರೆ ಪಾಠ ನಾಲ್ಕು ಸಲ ನೋಡಿದ್ದೀಯಂತೆ, ಕುಕಿ ಅಂತ ಒಂದು ನಮ್ಮ ಕಂಪ್ಯೂಟರೊಳಗೇ ಬಿಟ್ಟಿರ್ತಾರೆ ಕಣೇ, ನೀನು ಏನೊತ್ತಿದೆ, ಎಷ್ಟೊತ್ತು ನೋಡಿದೆ, ಎಲ್ಲಾ ಗುರುತಿಟ್ಕೊಂಡಿರ್ತೈತೆ, ಅಳಿಸ್ಬಿಡ್ಲಾ — ಬೇಡ ಬಿಡಿ, ಬಿಟ್ಟ ಕಡೆಯಿಂದಲೇ ಪಾಠ ಸಿಗ್ಲಿ ಎಂದಿದ್ದಳು, ಅಯ್ಯೋ, ಆಗಲೇ ಹೂಂ ಅಂದಿದ್ದರೆ.

ಅವ್ವನಿಗೆ ಓದು ಬರುತ್ತದೆಂಬುದೇ ಮರೆತುಹೋಗಿತ್ತು. ಬಸ್ತಿಹಳ್ಳಿಯ ಶಾಲೆಯ ಜಗಲಿ, ಸಾಕ್ಷರತೆ ತರಗತಿ, ಕೂಲಿ ಮುಗಿಸಿ ಬಂದ ಹೆಂಗಸರ ಕೈಯಲ್ಲಿ ಸ್ಲೇಟು, ಜವರಯ್ಯ ಮೇಷ್ಟ್ರು ಅ ಆ ಎಂದರೆ ಅವ್ವ, ಅದು ಆಮ್ಯಾಕೆ ಸಾ, ಮೊದ್ಲು ನನ್ ಮಗಳ ಹೆಸರು ಬರ್ದುಕೊಡಿ ಎಂದಿದ್ದಳಂತೆ, ತಿಂಗಳುಗಟ್ಟಲೆ ಅದೊಂದನ್ನೇ ತಿದ್ದಿದಳು, ಬೆರಳಿಟ್ಟು, ಬೆರಳಿಟ್ಟು — ಇವತ್ತೂ ಹಾಗೇ ಬೆರಳು ಚಾಚಿದಾಗ ಮಂಜುಳಾಗೆ ನೋಡಲಾಗಲಿಲ್ಲ, ತಲೆ ತಗ್ಗಿಸಿದಳು, ಕಿವಿ ಮಾತ್ರ ಕೇಳುತ್ತಿತ್ತು, ಯಾ, ರೂ, ಇಲ್ಲ, ಪಾಪ, ಯಾವ ತಬ್ಬಲಿ ಮಗೀನೋ, ಕರ್ಕೊಂಡ್ ಬಾರವ್ವ, ನಾನ್ ಹೇಳ್ಕೊಡ್ತೀನಿ, ಸದ್ಯ, ಗೊತ್ತಾಗಲಿಲ್ಲ ಎಂದು ಜೀವ ಬಂದಂತಾಗಿ ಬಾಯಿ ತಾನಾಗಿ ಹೇಳಿತು, ಹೂಂ ಕಣವ್ವ, ಯಾರೋ, ಅವ್ವ ಎದ್ದುಹೋದಳು, ಬೆಳ್ಳುಳ್ಳಿ ಕೆಂಪಗಾದ ವಾಸನೆ, ಈಗ ಎದ್ದು ಹೋಗಬೇಕು, ತಲೆ ಎತ್ತುತ್ತಾಳೆ, ಗಾಜಿನ ಮೇಲೆ ಅವ್ವನ ಬೆರಳು ಬಿಟ್ಟ ಅರಿಶಿನ, ಆ ಸಾಲಿನಲ್ಲಿ ತೆಳ್ಳಗೆ, ಕಂಡೂ ಕಾಣದಷ್ಟು, ದಪ್ಪಗಿರುವುದು ಅದಕ್ಕಿಂತ ಮೇಲಿನ ಸಾಲಿನಲ್ಲಿ, ಬೆರಳು ಮೊದಲು ಮುಟ್ಟಿದ ಕಡೆ, ತುಂಬ ಹೊತ್ತು ನಿಂತ ಕಡೆ, ಮ, ಅಲ್ಲಿಂದ ಳಾವರೆಗೆ, ಮಂಜುಳಾ ಎಂಬುದರ ಕೆಳಗೆ ಹಳದಿ ಗೆರೆ, ಹಳದಿ ಗೆರೆ