ಧೂಳಿಲ್ಲದ ಬೀದಿ, ಎಣ್ಣೆ ಇಳಿದ ಬಾವಿ

ಒಂದು ವಾರದಿಂದ ಆ ಮನೆಯಲ್ಲಿ ಚಹಾದ್ದೇ ರಗಳೆ. ಹೆಂಡತಿ ಚಹಾಪುಡಿ ಬದಲಿಸಿದಳು, ಪಾತ್ರೆ ತಿಕ್ಕಿ ತಿಕ್ಕಿ ಸೋತಳು, ಹಾಲಿನವನ ಜೊತೆ ಒಂದು ಜಗಳವನ್ನೂ ಆಡಿ ಮುಗಿಸಿದಳು. ಚಹಾಕ್ಕೆ ಹತ್ತಿದ ಕೆಟ್ಟ ವಾಸನೆ ಮಾತ್ರ ಜಪ್ಪಯ್ಯ ಅಂದರೂ ಹೋಗಲಿಲ್ಲ. ಗಂಡನನ್ನು ಕೇಳಿದರೆ, "ನಿನ್ನ ನಾಲಿಗೆ ಕೆಟ್ಟಿದೆ" ಅಂದುಬಿಟ್ಟ.

ಗಂಡನಿಗೆ ಬೀದಿಯವರು ಇಟ್ಟ ಹೆಸರು ಬೋಲ್ಟ್ ಮಾವ. ಮನೆಗೆ ಅಂಟಿಕೊಂಡ ತಗಡಿನ ಶೆಡ್ಡಿನಲ್ಲಿ ಅವನದು ಲೋಹ ಕಡೆಯುವ ಎರಡು ಲೇತ್ ಮಷಿನ್. ಕಾರಿನ ಬಾಗಿಲಿಗೆ ಬೇಕಾದ ಕಿರುಬೆರಳುದ್ದದ ಪಿನ್ನುಗಳನ್ನು ಕಡೆದು ಕಾರಿನ ಫ್ಯಾಕ್ಟರಿಗೆ ಕಳಿಸುತ್ತಿದ್ದ. ಕೆಲಸದಲ್ಲಿ ಕೂದಲೆಳೆಯಷ್ಟೂ ತಪ್ಪಿಲ್ಲ. ಯಾವ ಎಣ್ಣೆ ಕೊಟ್ಟರೂ ಬೆರಳಲ್ಲಿ ಉಜ್ಜಿ, ಇದು ಇಂಥದ್ದು ಎಂದು ಹೇಳಿಬಿಡುವನು.

ಅವನಿಗೆ ಇನ್ನೊಂದು ಹೆಮ್ಮೆಯೂ ಇತ್ತು. ಪ್ರತಿ ಶನಿವಾರ ಸಂಜೆ ಮಷಿನ್ನಿನ ಹಳೆ ಎಣ್ಣೆಯನ್ನು ತೂತು ಕೊರೆದ ಡಬ್ಬಿಗೆ ತುಂಬಿ, ಮಣ್ಣುಬೀದಿಯ ಉದ್ದಕ್ಕೂ ಚಿಮುಕಿಸುತ್ತಿದ್ದ. ಧೂಳು ಏಳುತ್ತಿರಲಿಲ್ಲ. ಒಣಹಾಕಿದ ಬಟ್ಟೆ ಬೆಳ್ಳಗೇ ಉಳಿಯುತ್ತಿತ್ತು. ಎದುರುಮನೆಯ ಇಸ್ತ್ರಿ ಅಜ್ಜಿಯಂತೂ, "ಈ ಕಡೆ ಇನ್ನೊಂದು ಚೂರು ಹಾಕಪ್ಪಾ" ಎಂದು ಕರೆದು ಹಾಕಿಸಿಕೊಳ್ಳುವಳು. ಆಗ ಬೋಲ್ಟ್ ಮಾವನ ಎದೆ ಉಬ್ಬುತ್ತಿತ್ತು.

ಒಂದು ಭಾನುವಾರ ಬೆಳಿಗ್ಗೆ ಹೆಂಡತಿಯ ತಂಗಿ ಬಂದಳು. ಊರಿನ ಆ ತುದಿಯಲ್ಲಿ, ಕಾರಿನ ಗೇರು ಮಾಡುವ ಶೆಡ್ಡೊಂದರಲ್ಲಿ ಅವಳು ಮಷಿನ್ ನಡೆಸುವವಳು. ಚಹಾ ಒಂದು ಗುಟುಕು ಕುಡಿದು ಲೋಟ ಕೆಳಗಿಟ್ಟಳು.

"ಭಾವ, ಇದನ್ನ ನಾನು ಕುಡೀಲಾ, ನಿಮ್ಮ ಲೇತಿಗೆ ಕುಡಿಸ್ಲಾ?"

"ನೋಡಿದ್ರಾ! ನನ್ನ ನಾಲಿಗೆ ಕೆಟ್ಟಿದೆ ಅಂದ್ರಲ್ಲ" ಎಂದು ಹೆಂಡತಿ ಗಂಡನ ಮೇಲೆ ಬಿದ್ದಳು.

ತಂಗಿ ಎದ್ದು ಬೀದಿಯ ಬಾವಿಗೆ ಹೋಗಿ ಒಂದು ಕೊಡ ನೀರು ಸೇದಿ ತಂದು ಬಿಸಿಲಿಗಿಟ್ಟಳು. ನೀರಿನ ಮೇಲೆ ಬಣ್ಣಬಣ್ಣದ ತೆಳು ಪೊರೆ ತೇಲುತ್ತಿತ್ತು.

"ರಾಟೆಗೆ ಹಾಕಿದ ಗ್ರೀಸ್ ಬಿದ್ದಿರುತ್ತೆ ಬಿಡೇ" ಅಂದ ಬೋಲ್ಟ್ ಮಾವ.

"ನನ್ನನ್ನ ಯಾಕೆ ಕೇಳ್ತೀರಿ? ನಿಮ್ಮ ಬೆರಳನ್ನೇ ಕೇಳಿ."

ಅವನು ಬೆರಳದ್ದಿ ಉಜ್ಜಿದ. ಮತ್ತೊಮ್ಮೆ ಉಜ್ಜಿದ. ಗ್ರೀಸ್ ಆಗಿದ್ದರೆ ಅಂಟಬೇಕಿತ್ತು, ಇದು ಜಾರಿತು. ಅವನ ಮುಖ ಪೆಚ್ಚಾಯಿತು. ಅದು ಅವನದೇ ಮಷಿನ್ನಿನ ಎಣ್ಣೆ. ಶನಿವಾರ ಶನಿವಾರ ಮಣ್ಣಿಗೆ ಚಿಮುಕಿಸಿದ್ದು ಮೆಲ್ಲಗೆ ಬಾವಿಗೆ ಇಳಿದಿತ್ತು.

ಆದರೂ ಒಪ್ಪಿಕೊಳ್ಳಲು ಮನಸ್ಸು ಬರಲಿಲ್ಲ. "ಅಲ್ಲ ಕಣೇ, ಕಾರು ಮಾಡೋದು ಆ ದೊಡ್ಡ ಫ್ಯಾಕ್ಟರಿಯೋರು. ಪರಿಸರ ಗಿರಿಸರ ಎಲ್ಲ ಅವರಿಗೆ ಹೇಳು. ನಾನು ಇಷ್ಟುದ್ದ ಪಿನ್ನು ಮಾಡೋನು."

"ಅಲ್ಲಿ ಜೋಡಿಸ್ತಾರೆ ಭಾವ. ಮಾಡೋರು ನಾವು. ಒಂದು ಕಾರಿಗೆ ಸಾವಿರಾರು ಬಿಡಿಭಾಗ ಬೇಕು. ಎಷ್ಟೋ ಭಾಗ ಇಂಥದೇ ಯಾವುದೋ ಬೀದೀಲಿ, ಯಾರದೋ ಬಾವಿ ಪಕ್ಕದಲ್ಲೇ ಹುಟ್ಟುತ್ತೆ."

"ಹಾಗಾದ್ರೆ ಶೆಡ್ಡಿಗೆ ಬೀಗ ಜಡೀಲಾ?"

"ಯಾರು ಹೇಳಿದ್ರು? ನಾವೂ ಮೊದ್ಲು ಚರಂಡಿಗೇ ಸುರೀತಿದ್ವಿ. ಈಗ ಕಡೆಯುವಾಗ ಬೀಳೋ ಎಣ್ಣೆ ಮೆತ್ತಿದ ಚೂರನ್ನ ಜಾಲರಿ ಮೇಲೆ ಹರಡ್ತೀವಿ. ಎಣ್ಣೆ ಕೆಳಗೆ ತೊಟ್ಟಿಕ್ಕುತ್ತೆ. ಸೋಸಿ ಮತ್ತೆ ಮಷಿನ್ನಿಗೇ ಹಾಕ್ತೀವಿ. ಪೂರ್ತಿ ಕೆಟ್ಟಿದ್ದು ಮುಚ್ಚಳದ ಡ್ರಮ್ಮಿಗೆ. ಅದನ್ನ ಶುದ್ಧ ಮಾಡೋಕೆ ಲೈಸೆನ್ಸ್ ಇರೋರು ಬಂದು ಒಯ್ತಾರೆ. ಕಬ್ಬಿಣದ ಚೂರು ಬೇರೆ, ಹಿತ್ತಾಳೆ ಚೂರು ಬೇರೆ ಇಟ್ರೆ ಕರಗಿಸೋದು ಸುಲಭ. ಅಷ್ಟು ಅದಿರು ಅಗೆಯೋದು ತಪ್ಪುತ್ತೆ. ಊಟಕ್ಕೆ ಎದ್ದಾಗ ಮಷಿನ್ ಆಫ್. ಇದಕ್ಕೇನು ಮಂತ್ರ ಕಲೀಬೇಕಾ?"

"ಅದೆಲ್ಲ ಸರಿ" ಅಂದಳು ಹೆಂಡತಿ. "ಬೀದಿಯೋರಿಗೆ ಹೇಳೋರು ಯಾರು?"

ಬೋಲ್ಟ್ ಮಾವ ನೆಲ ನೋಡಿದ. ಇಪ್ಪತ್ತು ಮನೆಗೆ ಅದೊಂದೇ ಬಾವಿ. ಇಷ್ಟು ವರ್ಷ ಭೇಷ್ ಅಂದ ಬಾಯಿಗಳಿಂದ ಈಗ ಬೈಗುಳ ಕೇಳಬೇಕು. "ರಾಟೆ ಗ್ರೀಸ್ ಅಂತ ಹೇಳಿಬಿಟ್ರೆ?" ಎಂದು ಮೆತ್ತಗೆ ಕೇಳಿದ.

"ಇಸ್ತ್ರಿ ಅಜ್ಜಿ ಮೊಮ್ಮಗಳು ಕುಡಿಯೋದೂ ಇದೇ ನೀರು ಕಣ್ರೀ" ಅಂದಳು ಹೆಂಡತಿ.

ಬೋಲ್ಟ್ ಮಾವ ಎದ್ದ. ಚಪ್ಪಲಿ ಮೆಟ್ಟಿಕೊಂಡು ನೇರ ಬಾವಿಕಟ್ಟೆಗೆ ನಡೆದ. ನೀರು ಸೇದುತ್ತಿದ್ದವರ ಕೊಡಕ್ಕೆ ಕೈ ಅಡ್ಡ ಹಿಡಿದು, "ಇದನ್ನ ಯಾರೂ ಕುಡೀಬೇಡಿ. ಎಣ್ಣೆ ಇಳಿದಿದೆ. ತಪ್ಪು ನಂದು" ಅಂದ. ಅವನಿಗೆ ನಿಜಕ್ಕೂ ಅಳು ಬಂದಿತ್ತು.

ಕೆಲವರು ಕೊಡ ಕುಕ್ಕಿ ಅವನತ್ತ ತಿರುಗಿದರು. ಅಷ್ಟರಲ್ಲಿ ಇಸ್ತ್ರಿ ಅಜ್ಜಿಯೇ ಬಾಯಿ ಹಾಕಿದಳು. "ಇನ್ನೊಂದು ಚೂರು ಹಾಕು ಅಂತ ಹಿಂದೆ ಬಿದ್ದೋಳು ನಾನಲ್ವಾ? ಅವನಿಗೆ ಬೈಯೋರು ನನಗೂ ಎರಡು ಬೈದುಬಿಡಿ!" ಬೈಯಲು ಸಜ್ಜಾಗಿದ್ದವರೂ ನಕ್ಕರು. ಆದರೆ ಸುಮ್ಮನೆ ಬಿಡಲಿಲ್ಲ. ಬಾವಿ ಸರಿಹೋಗುವ ತನಕ ಕುಡಿಯುವ ನೀರು ಅವನೇ ತರಬೇಕೆಂದು ತೀರ್ಮಾನವಾಯಿತು.

ಮರುದಿನದಿಂದ ಪಿನ್ನು ಸಾಗಿಸುವ ತಳ್ಳುಗಾಡಿಯಲ್ಲಿ, ದೊಡ್ಡ ರಸ್ತೆಯ ನಲ್ಲಿಯಿಂದ ಕೊಡಗಳು ಬಂದವು. ಮೊದಲ ದಿನ ಅರ್ಧ ನೀರು ದಾರಿಯಲ್ಲೇ ಚೆಲ್ಲಿತು.

"ಏನ್ರೀ ಇದು?" ಎಂದು ಹೆಂಡತಿ ಸೊಂಟದ ಮೇಲೆ ಕೈಯಿಟ್ಟಳು.

"ಧೂಳಿಗೆ ಹಾಕಿದೆ ಕಣೇ. ಇನ್ನು ಮೇಲೆ ಬರೀ ನೀರೇ!"

ಎಣ್ಣೆ ಕುಡಿದ ಮಣ್ಣನ್ನು, ಬೀದಿಯವರು ಕರೆಸಿದ ಮಾಲಿನ್ಯ ಮಂಡಳಿಯ ಅಧಿಕಾರಿಗಳು ಹೇಳಿದಂತೆ ಅಗೆದು, ಚೀಲ ಕಟ್ಟಿ ಅವರಿಗೊಪ್ಪಿಸಿದರು. ನೀರಿನ ಪರೀಕ್ಷೆ ಎರಡು ಸಲ ಫೇಲಾಯಿತು. ತಿಂಗಳುಗಟ್ಟಲೆ ಗಾಡಿ ತಳ್ಳಿದ ಮೇಲೆ, ಮೂರನೇ ಸಲ 'ಕುಡಿಯಬಹುದು' ಎಂಬ ಚೀಟಿ ಬಂತು. ಅದನ್ನು ಬೋಲ್ಟ್ ಮಾವ ಬೀದಿಗೆಲ್ಲ ಕೇಳುವಂತೆ ಓದಿದ.

ಆ ವಾರವೇ ಕಾರಿನ ಫ್ಯಾಕ್ಟರಿಯವರೊಬ್ಬರು ಪಿನ್ನು ನೋಡಲು ಬಂದರು. ಅಳತೆ ಹಿಡಿದು, ತಲೆಯಾಡಿಸಿ ಹೊರಟರು. ಬೋಲ್ಟ್ ಮಾವ ಬಾಗಿಲಿಗೆ ಅಡ್ಡ ನಿಂತ.

"ಅಳತೆ ಕೇಳ್ತೀರಿ, ರೇಟು ಕೇಳ್ತೀರಿ. ಎಣ್ಣೆ ಎಲ್ಲಿಗೆ ಹೋಗುತ್ತೆ ಅಂತ ಒಂದಿನಾನೂ ಕೇಳ್ಲಿಲ್ವಲ್ಲ ಸ್ವಾಮಿ?"

ಅವರು ಕೈಯಲ್ಲಿದ್ದ ಬ್ಯಾಗು ಕೆಳಗಿಟ್ಟರು. ಆಮೇಲೆ ಜೇಬಿನಿಂದ ಪೆನ್ನು ತೆಗೆದು, "ಹೇಳಿ, ಎಲ್ಲಿಗೆ ಹೋಗುತ್ತೆ? ಬೇರೆ ಶೆಡ್ಡುಗಳಲ್ಲೂ ಕೇಳ್ತೀನಿ" ಅಂದರು. ಬೋಲ್ಟ್ ಮಾವ ಅವರ ಕೈ ಹಿಡಿದು ಡ್ರಮ್ಮಿನ ಹತ್ತಿರ ಕರೆದೊಯ್ದ.

ಶೆಡ್ಡು ನಡೆಸುವ ಅಣ್ಣಂದಿರೇ, ಮಷಿನ್ ಮುಂದೆ ನಿಲ್ಲುವ ಅಕ್ಕಂದಿರೇ, ಹಳೆ ಎಣ್ಣೆಯನ್ನು ಮಣ್ಣಿಗೂ ಚರಂಡಿಗೂ ಸುರಿಯಬೇಡಿ. ಸೋಸಿ, ಮತ್ತೆ ಬಳಸಿ. ಕೆಟ್ಟಿದ್ದನ್ನು ಮುಚ್ಚಿಟ್ಟು, ಲೈಸೆನ್ಸ್ ಇರುವವರಿಗೇ ಕೊಡಿ. ಕಾರು ಕೊಳ್ಳುವವರೇ, ಬಣ್ಣ, ಮೈಲೇಜು ಕೇಳುವಾಗ ಈ ಎಣ್ಣೆ ಎಲ್ಲಿಗೆ ಹೋಗುತ್ತದೆಂದೂ ಒಂದು ಮಾತು ಕೇಳಿ. ನಿಮ್ಮ ಕಾರಿನ ಒಂದು ಪಿನ್ನು ಯಾರ ಬಾವಿಯ ಪಕ್ಕದಲ್ಲಿ ತಯಾರಾಯಿತೋ, ಆ ಬಾವಿಯ ನೀರನ್ನು ಇವತ್ತು ಯಾವುದೋ ಮಗು ಕುಡಿಯುತ್ತಿದೆ.