ಹದಿನೈದನೆಯ ಕೋಲು

ನಾಗವೇಣಿ ಪಟರ್ ಎಂಬ ಆ ಪುಟ್ಟ ಗಾಲ್ಫ್ ಕೋಲನ್ನು ಮಗನ ಬ್ಯಾಗಿನ ಪಕ್ಕದ ಜೇಬಿಗೆ ಸೇರಿಸಿ ಜಿಪ್ ಎಳೆದಾಗ ಅಹಮದಾಬಾದಿನಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿರಲಿಲ್ಲ. ಅಂದು ವಿಜಯದಶಮಿ. ಹಿಂದಿನ ಸಂಜೆ, ವಾರದ ಮಟ್ಟಿಗೆ ಹಿಡಿದಿದ್ದ ಬೋಪಲ್‌ನ ಫ್ಲ್ಯಾಟಿನಲ್ಲಿ, ಮಂಥನ್‌ನ ಗಾಲ್ಫ್ ಕೋಲುಗಳನ್ನೆಲ್ಲ ಗೋಡೆಗೆ ಒರಗಿಸಿ, ಒಂದೊಂದಕ್ಕೂ ಕುಂಕುಮವಿಟ್ಟು, ಸೇವಂತಿಗೆ ಏರಿಸಿ ಆಯುಧಪೂಜೆ ಮಾಡಿದ್ದಳು. ಅವನು ಏಳು ವರ್ಷದವನಿದ್ದಾಗ ಮೊದಲು ಹಿಡಿದ, ಎರಡಡಿ ಉದ್ದದ ಪಟರನ್ನೂ ವಡೋದರದ ಗೋರ್ವಾದ ಮನೆಯಿಂದ ಹಳೇ ಸೀರೆಯಲ್ಲಿ ಸುತ್ತಿ ತಂದು ಸಾಲಿನ ಮೊದಲಿಗೆ ನಿಲ್ಲಿಸಿದ್ದಳು.

ಪೂಜೆಗೆ ಕೂತ ಆಯುಧ ದಶಮಿಯ ದಿನ ಎದ್ದು ಕೆಲಸಕ್ಕೆ ಹೋಗಬೇಕು. ಶಿರಾದ ಹತ್ತಿರ ಅವಳ ತವರಿನಲ್ಲಿ ಅಜ್ಜ ಬಡಗಿ. ಹಿಡಿ ಮುರಿದ ಬಾಚಿಯನ್ನು ಕೂಡ ಅವತ್ತು ಒಮ್ಮೆ ಮರಕ್ಕೆ ತಾಕಿಸದೆ ಬಿಡುತ್ತಿರಲಿಲ್ಲ. ಒಂದನ್ನು ಮಾತ್ರ ಮೂಲೆಯಲ್ಲಿ ಬಿಟ್ಟು ಹೋಗಲು ನಾಗವೇಣಿಗೆ ಮನಸ್ಸು ಒಪ್ಪಲಿಲ್ಲ. ಹೇಳಿದರೆ ಮಗ ನಗುತ್ತಾನೆ. ಹೇಳಲಿಲ್ಲ.

ಅದು ಸಾಮಾನ್ಯ ದಿನವಾಗಿರಲಿಲ್ಲ. ದೇಶದ ವೃತ್ತಿಪರ ಗಾಲ್ಫ್ ಟೂರಿನ ಆ ವರ್ಷದ ಕೊನೆಯ ಪಂದ್ಯದ ಕೊನೆಯ ಸುತ್ತು. ಫೆಬ್ರವರಿಯಿಂದ ಮಂಥನ್ ಚಂಡೀಗಢ, ಕೋಲ್ಕತ್ತ, ಜೈಪುರ, ಮೈಸೂರು ಎಂದು ಊರೂರು ಅಲೆದಿದ್ದ. ಅರ್ಧಕ್ಕರ್ಧ ಕಡೆ ಎರಡನೇ ದಿನಕ್ಕೇ ಆಟದಿಂದ ಹೊರಬಿದ್ದು ಗಂಟು ಕಟ್ಟಿ ಹಿಂದಿರುಗಿದ್ದ. ವರ್ಷದ ಕೊನೆಯ ಪಟ್ಟಿಯಲ್ಲಿ ಮೊದಲ ಅರವತ್ತು ಜನಕ್ಕೆ ಮಾತ್ರ ಮುಂದಿನ ವರ್ಷ ಆಡುವ ಹಕ್ಕಿನ ಕಾರ್ಡು. ಉಳಿದವರು ಮತ್ತೆ ಅರ್ಹತಾ ಪಂದ್ಯದ ಬಾಗಿಲಿಗೆ ಹೋಗಿ ಮುನ್ನೂರು ಹುಡುಗರ ಜೊತೆ ನಿಲ್ಲಬೇಕು. ಆ ಬೆಳಿಗ್ಗೆ ಮಂಥನ್ ಐವತ್ತೊಂಬತ್ತರಲ್ಲಿದ್ದ.

ದಾರಿಯ ಅಂಗಡಿಗಳ ಮುಂದೆಲ್ಲ ದಸರೆಯ ಫಾಫ್ಡಾ–ಜಲೇಬಿ ತಿಂಡಿಗೆ ಸಾಲು ನಿಂತಿತ್ತು. ಕಾರು ನಿಲ್ಲದೆ ಮೈದಾನದ ಕಡೆ ಸಾಗಿತು.

ಹದಿನೆಂಟು ಗುಳಿಗಳ ಆಟದ ಮೊದಲ ಹೋಲಿನ ಹತ್ತಿರ ಕ್ಯಾಡಿ ಗುಂಡಪ್ಪ ಬ್ಯಾಗಿನ ಬಾಯಿಗೆ ಕೈಯಿಟ್ಟು ಕೋಲುಗಳ ತಲೆ ಮುಟ್ಟಿ ಮುಟ್ಟಿ ಎಣಿಸಿದ. ಮೈಸೂರಿನವನು, ಇಪ್ಪತ್ತೆರಡು ವರ್ಷದಿಂದ ಕಂಡವರ ಬ್ಯಾಗು ಹೊತ್ತವನು. "ಹದ್ನಾಲ್ಕು. ಸರಿಯಾಗದೆ," ಎಂದ. ಮಂಥನ್‌ನ ಮೊದಲ ಹೊಡೆತ ಹುಲ್ಲಿನ ನಡುವೆ ನೆಟ್ಟಗೆ ಬಿತ್ತು. ನೋಡಲು ಬಂದ ಹತ್ತಾರು ಮನೆಯವರ ಜೊತೆ ನಾಗವೇಣಿಯೂ ಗಂಡ ವಾಮನನೂ ಪಕ್ಕದ ದಾರಿ ಹಿಡಿದು ನಡೆದರು.

"ರೀ, ಅದ್ಯಾಕೆ ಎಣಿಸ್ತಾನೆ ದಿನಾ?"

"ಇಷ್ಟು ವರ್ಷ ಆಯ್ತು, ಈಗ ಕೇಳ್ತಿದೀಯಲ್ಲ," ಎಂದ ವಾಮನ. ವಿಮಾ ಕಂಪನಿಯಿಂದ ನಿವೃತ್ತನಾದವನಿಗೆ ನಿಯಮ ಹೇಳುವುದೆಂದರೆ ಇಷ್ಟ. "ಹದಿನಾಲ್ಕರ ಮೇಲೆ ಒಂದು ಕೋಲೂ ಇರಂಗಿಲ್ಲ. ಆಡ್ಲಿ ಬಿಡ್ಲಿ, ಬ್ಯಾಗಲ್ಲಿ ಇದ್ರೆ ಸಾಕು. ಮೊದಲ್ನೇ ಹೋಲಲ್ಲೇ ಗೊತ್ತಾದ್ರೆ ಎರಡು ಹೊಡೆತ ದಂಡ. ಎರಡನೇದು ಶುರುವಾಯ್ತೋ, ನಾಲ್ಕು. ಅದಕ್ಕಿಂತ ಮೇಲಿಲ್ಲ."

"ಸಣ್ಣದಾದ್ರೂ? ಮಕ್ಕಳದು?"

"ಕೋಲು ಅಂದ್ರೆ ಕೋಲೇ. ಯಾಕೆ, ಮುಖ ಹಾಗಾಯ್ತು?"

"ಬಿಸಿಲು."

ಏಳೂವರೆಗೆ ಎಂಥ ಬಿಸಿಲು ಎಂದು ವಾಮನ ಕೇಳಲಿಲ್ಲ. ಅವನ ಕಣ್ಣು ಚೆಂಡಿನ ಮೇಲಿತ್ತು.

ಈಗಲೇ ಕೂಗಬೇಕು ಎಂದುಕೊಂಡಳು. ಮಂಥನ್ ಮೊದಲ ಹೋಲಿನಲ್ಲಿ ಲೆಕ್ಕಕ್ಕಿಂತ ಒಂದು ಹೊಡೆತ ಉಳಿಸಿ ಗುಳಿಯಿಂದ ಚೆಂಡು ತೆಗೆದ. ಅಮ್ಮನ ಕಡೆ ತಿರುಗಿ ಟೋಪಿ ಮುಟ್ಟಿದ. ತಿಂಗಳುಗಳ ಮೇಲೆ ಆ ಮುಖ ಸಡಿಲವಾಗಿದ್ದನ್ನು ಅವಳು ಕಂಡಳು. ಕರೆಯಲು ಎತ್ತಿದ ಕೈಯನ್ನು ಹಾಗೇ ಇಳಿಸಿದಳು. ಅಷ್ಟರಲ್ಲಿ ಎರಡನೆಯ ಹೋಲಿನಲ್ಲಿ ಮೊದಲ ಹೊಡೆತ ಬಿತ್ತು. ಎರಡು ಇದ್ದದ್ದು ನಾಲ್ಕಾಯಿತು.

ಆಮೇಲಿನ ಒಂದೊಂದು ಹೆಜ್ಜೆಯೂ ಭಾರ. ಮನೆದೇವರು ನರಸಿಂಹನನ್ನು ನೆನೆದಳು. ಏನೆಂದು ಕೇಳಿಕೊಳ್ಳುವುದು? ಮುಚ್ಚಿಡು ಎಂದೇ? ಭಕ್ತಿಯಿಂದ ಇಟ್ಟದ್ದು, ಕಳ್ಳತನದಿಂದಲ್ಲ ಎಂದು ಹೇಳಿಕೊಂಡಳು. ಹೌದು, ಇಟ್ಟದ್ದು ಭಕ್ತಿ. ಆದರೆ ಗೊತ್ತಾದ ಮೇಲೂ ಸುಮ್ಮನಿರುವುದಕ್ಕೆ ಆ ಹೆಸರು ಸಲ್ಲುವುದಿಲ್ಲ. ಬೇವಿನ ಮರದ ಕೆಳಗೆ ನವಿಲೊಂದು ಯಾರ ಗೊಡವೆಯೂ ಇಲ್ಲದೆ ಕಾಳು ಹೆಕ್ಕುತ್ತಿತ್ತು.

ಸೂರತ್‌ನ ಅಡಾಜಣ್‌ನಲ್ಲಿರುವ ಮಗಳು ಪೂರ್ವಿ ಮೊಬೈಲಿನಲ್ಲಿ ಅಂಕಗಳನ್ನು ನೋಡುತ್ತಾ ಗಳಿಗೆಗೊಮ್ಮೆ ಫೋನ್ ಮಾಡುತ್ತಿದ್ದಳು. "ಅಮ್ಮ, ಭಾಯಿ ಫಿಫ್ಟಿ ಸೆವೆನ್‌ಗೆ ಬಂದ. ನೀ ಪ್ರೇ ಮಾಡ್ತಾ ಇದೀಯಲ್ಲ? ಸ್ಟಾಪ್ ಮಾಡ್ಬೇಡ."

ಒಂಬತ್ತನೆಯ ಹೋಲು ಮುಗಿದಾಗ ಗುಂಡಪ್ಪ ನೀರಿನ ಬಾಟಲಿಗೆ ಬಂದ. ನಾಗವೇಣಿ ಅವನಿಗೆ ಮೆಲ್ಲಗೆ ಹೇಳಿದಳು. ಅವನು ಬ್ಯಾಗಿನ ಪಕ್ಕದ ಜೇಬನ್ನು ಹೊರಗಿನಿಂದಲೇ ಅದುಮಿ ನೋಡಿದ. ಬೆರಳು ಅಲ್ಲೇ ನಿಂತಿತು.

"ಅಮ್ಮಾವ್ರೇ, ನೀವು ಏನೂ ಹೇಳ್ಲಿಲ್ಲ, ನಾನು ಕೇಳ್ಲಿಲ್ಲ. ಆಟ ಮುಗಿದ್ಮೇಲೆ ನಾನೇ ತೆಗ್ದು ನಿಮ್ ಕೈಗೆ ಕೊಡ್ತೀನಿ."

"ಅವನಿಗೆ?"

"ಗೊತ್ತಿಲ್ದೋನ್ಗೆ ಯಾವ ಪಾಪ? ಇರೋದು ನಿಮ್ದು, ನನ್ದು. ಅರ್ಧರ್ಧ ಹಂಚ್ಕೊಳಣ ಬಿಡಿ." ನಗಲು ನೋಡಿದ, ಆಗಲಿಲ್ಲ. "ಈ ಹುಡುಗ್ನ ಕಾರ್ಡ್ ಹೋದ್ರೆ ಬರೋ ವರ್ಷ ನನ್ಗೂ ಬ್ಯಾಗಿಲ್ಲ ಅಮ್ಮಾ. ನಾನಾಗಿ ಬಾಯ್ಬಿಡಲ್ಲ. ನೀವು ಬಿಟ್ರೆ ತಡೆಯಲ್ಲ."

ಹತ್ತನೆಯ ಹೋಲೂ ಹಾಗೆಯೇ ಕಳೆಯಿತು.

ಗಾಲ್ಫಿನಲ್ಲಿ ಒಬ್ಬನ ಲೆಕ್ಕವನ್ನು ಅವನೇ ಬರೆಯುವುದಿಲ್ಲ. ಜೊತೆಯ ಆಟಗಾರ ಬರೆಯುತ್ತಾನೆ. ಮಂಥನ್‌ನ ಹಾಳೆ ಲೂಧಿಯಾನದ ಹುಡುಗನೊಬ್ಬನ ಬಳಿಯಿತ್ತು. ಹನ್ನೊಂದನೆಯ ಹೋಲಿನಲ್ಲಿ ಮಂಥನ್‌ನ ಚೆಂಡು ಗಿಡಗಳ ಮರೆಗೆ ಹೋಗಿ, ಕಷ್ಟಪಟ್ಟು ಹೊರಬಂದಿತು. ಹುಡುಗ ಪೆನ್ಸಿಲ್ ಹಿಡಿದು "ಚಾರ್?" ಎಂದ.

"ಪಾಂಚ್," ಎಂದ ಮಂಥನ್. "ಝಾಡೀ ಮೇಂ ಏಕ್ ಮಿಸ್ ಹುವಾ. ತೂನೇ ದೇಖಾ ನಹೀಂ."

ನಾಗವೇಣಿ ಕೈಯಳತೆಯಲ್ಲೇ ನಿಂತಿದ್ದಳು. ಗಿಡದ ಮರೆಯಲ್ಲಿ ತಪ್ಪಿದ, ಯಾರೂ ಕಾಣದ ಹೊಡೆತವನ್ನೂ ಮಗ ಲೆಕ್ಕಕ್ಕೆ ಸೇರಿಸಿದ ರೀತಿ ನೋಡಿದಳು. ಬಾಯಾರಿಕೆ ಎಂದು ಹೇಳುವಷ್ಟೇ ಹಗುರವಾಗಿ ಹೇಳಿದ್ದ. ಇವನ ಹೆಸರಿನ ಹಾಳೆಯಲ್ಲಿ ಆಟ ಮುಗಿದಾಗ ಸುಳ್ಳೊಂದು ಸೇರುತ್ತದೆ, ಅದರ ಕೆಳಗೆ ಇವನು ಸಹಿ ಹಾಕುತ್ತಾನೆ ಎಂದು ಆಗ ಅವಳಿಗೆ ಹೊಳೆಯಿತು. ಪಾಪವನ್ನು ಗುಂಡಪ್ಪನ ಜೊತೆ ಹಂಚಿಕೊಳ್ಳಬಹುದಿತ್ತು. ಆ ಸಹಿಯನ್ನು ಹಂಚಿಕೊಳ್ಳಲಾಗದು.

ಹನ್ನೆರಡಕ್ಕೆ ಹೋಗುವ ದಾರಿಯಲ್ಲಿ ಅವಳು ಅಡ್ಡ ಬಂದಳು.

"ಮಗಾ, ಪಕ್ಕದ ಜೇಬಲ್ಲಿ ನಿನ್ನ ಹಳೇ ಪಟರ್ ಇದೆ. ಪೂಜೆಗೆ ತಂದಿದ್ದೆ. ನಾನೇ ಇಟ್ಟೆ."

ಅವನಿಗೆ ಮೊದಲು ಅರ್ಥವಾಗಲಿಲ್ಲ. ಗುಂಡಪ್ಪ ನೆಲ ನೋಡಿದ. ಮಂಥನ್ ಜಿಪ್ ಎಳೆದ. ತುದಿಯಲ್ಲಿ ಕುಂಕುಮ ಹಾಗೇ ಇತ್ತು. ಅದನ್ನೇ ಸ್ವಲ್ಪ ಹೊತ್ತು ನೋಡಿ, ಜೊತೆಯವರಿಗೆ ನಿಲ್ಲಲು ಹೇಳಿ, ಕೈಯೆತ್ತಿ ದೂರದಲ್ಲಿದ್ದ ತೀರ್ಪುಗಾರನನ್ನು ಕರೆದ. ಬಿಳಿ ಟೋಪಿಯ ಮನುಷ್ಯ ಗಾಡಿಯಲ್ಲಿ ಬಂದು, ಎಲ್ಲ ಕೇಳಿ, ಪಾಪ ಎನ್ನುವಂತೆ ತಲೆಯಾಡಿಸಿ, ಮೊದಲೆರಡು ಹೋಲಿಗೆ ಎರಡೆರಡು ಸೇರಿಸಿದ. ಲೂಧಿಯಾನದ ಹುಡುಗ ಬರೆದ ಅಂಕೆಗಳ ಮೇಲೆ ಗೆರೆ ಎಳೆದ.

ಫೋನ್ ಅಲ್ಲಾಡಿತು. "ಅಮ್ಮ, ಆ್ಯಪ್‌ನಲ್ಲಿ ಏನೋ ಮಿಸ್ಟೇಕ್ ಇದೆ. ಭಾಯಿ ಸಿಕ್ಸ್ಟಿ ಫೈವ್ ತೋರಿಸ್ತಿದೆ."

"ತಪ್ಪಲ್ಲಮ್ಮ," ಎಂದು ನಾಗವೇಣಿ ಫೋನ್ ಇಟ್ಟಳು.

ವಾಮನ ಹಿಡಿದಿದ್ದ ಛತ್ರಿಯನ್ನು ಅವಳ ತಲೆಯ ಮೇಲಿಂದ ತನ್ನ ಕಡೆಗೆ ಸರಿಸಿಕೊಂಡ. ನಾಲ್ಕು ಹೆಜ್ಜೆ ನಡೆದು ಮತ್ತೆ ಅವಳ ಮೇಲೆ ಹಿಡಿದ.

ಮಂಥನ್ ಉಳಿದ ಹೋಲುಗಳಲ್ಲಿ ಎರಡು ಹೊಡೆತ ಮರಳಿ ಗಳಿಸಿದ. ಕೊನೆಯ ಹೋಲಿನಲ್ಲಿ ಹನ್ನೆರಡು ಅಡಿಯ ಹೊಡೆತ ಗುಳಿಯ ತುಟಿ ಸವರಿ ಆಚೆ ನಿಂತಿತು. ಒಂದು ಗಂಟೆ ಬಿಟ್ಟು ಪಟ್ಟಿ ಬಂತು. ಅರವತ್ತೊಂದು. ಒಂದೇ ಹೊಡೆತದ ಅಂತರದಲ್ಲಿ ಕಾರ್ಡು ಹೋಗಿತ್ತು. ಅರವತ್ತರಲ್ಲಿ ಉಳಿದ ಹುಡುಗನ ಕೈಕುಲುಕಿ ಬಂದು ಅವನು ಕಾರಿನಲ್ಲಿ ಮುಂದೆ ಕೂತ. ವಾಮನ ವಡೋದರದ ರಸ್ತೆ ಹಿಡಿದ.

ಕಾರು ನಡಿಯಾದ್ ದಾಟಿತು. ಮಂಥನ್ ಕನ್ನಡಿಯಲ್ಲಿ ಅಮ್ಮನನ್ನು ನೋಡಿದ.

"ಅಮ್ಮ, ರೂಲ್ ನಿನಗೆ ಯಾವಾಗ ಗೊತ್ತಾಯ್ತು?"

ಹನ್ನೊಂದರಲ್ಲಿ ಎನ್ನಬಹುದಿತ್ತು. ವಾಮನ ಅಲ್ಲಗಳೆಯುತ್ತಿರಲಿಲ್ಲ.

"ಮೊದಲನೇದ್ರಲ್ಲೇ ಕಣೋ. ನಿಮ್ಮಪ್ಪ ಹೇಳಿದ್ರು."

"ಆಗ್ಲೇ ಹೇಳಿದ್ರೆ ಎರಡೇ ಹೋಗ್ತಿತ್ತು. ಕಾರ್ಡ್ ಉಳೀತಿತ್ತು."

"ಹೂಂ."

"ಹೇಳ್ದೇನೇ ಇದ್ದಿದ್ರೂ ಉಳೀತಿತ್ತು."

"ಹೂಂ."

"ನೀನು ಬರೋಬರ್ ಮಧ್ಯದಲ್ಲಿ ಹೇಳಿದೆ. ಎರಡೂ ಸೈಡ್ ಲಾಸ್." ಅವನ ದನಿಯಲ್ಲಿ ನಗುವೂ ಇರಲಿಲ್ಲ, ಸಿಟ್ಟೂ ಇರಲಿಲ್ಲ. "ಜನವರಿಯಲ್ಲಿ ಕ್ವಾಲಿಫೈಯಿಂಗ್. ನೀ ಬರ್ಬೇಡ."

"ಬರಲ್ಲ."

ಅವಳು ಕಿಟಕಿಯ ಕಡೆ ತಿರುಗಿದಳು. ತಂಬಾಕಿನ ಹೊಲಗಳು ಹಿಂದೆ ಸರಿಯುತ್ತಿದ್ದವು. ನರಸಿಂಹಾ ಎಂದು ತುಟಿಯಲ್ಲೇ ಅಂದುಕೊಂಡಳು. ಬೆಳಗಿನಿಂದ ಮೊದಲ ಸಲ, ಆ ಹೆಸರಿನ ಮುಂದೆ ಏನನ್ನೂ ಬೇಡಿಕೊಳ್ಳಬೇಕೆನಿಸಲಿಲ್ಲ.

ಆಣಂದ್‌ನ ಟೋಲಿನಲ್ಲಿ ಕಾರು ನಿಂತಾಗ ಮಂಥನ್ ತಿರುಗದೆಯೇ ಅಂದ:

"ಬಂದ್ರೂ ಬ್ಯಾಗ್ ಮುಟ್ಬೇಡ."