ಒಂದು ಸಂಚಿಕೆ ಮುಂದಿನ ಹಾಡು

ಗಾಜಿಗೆ ಬಡಿಯಲು ಎತ್ತಿದ ಕೈಯನ್ನು ಹಾಗೇ ಇಳಿಸಿದೆ. ಗಾಜಿನಾಚೆ, ಮೈಕಿನ ಮುಂದೆ, ನನ್ನ ತಂಗಿ ತಪ್ಪು ಹಾಡಿನ ಹೆಸರು ಹೇಳುತ್ತಿದ್ದಳು.

“ನಮ್ಮ ಕೇಳುಗರೊಬ್ಬರು ಹಡಗಿನಲ್ಲಿ ಅಡುಗೆಯವರಾಗಿದ್ದರು. ಮಗಳು ಹುಟ್ಟಿದ ಸುದ್ದಿ ಅವರಿಗೆ ಸಿಕ್ಕಿದ್ದು ದೂರದ ಬಂದರಿನಲ್ಲಿ. ಆ ವಾರ ಆ ದೇಶದ ಅಂಗಡಿ ಅಂಗಡಿಯಲ್ಲೂ ಒಂದೇ ಹಾಡು. ಅದು ಯಾವುದು ಅಂತ ಪತ್ರ ಬರೆದು ಕೇಳಿದ್ದರು. ಇಗೋ, ಅಜ್ಜ, ನಿಮ್ಮ ಮಗಳ ಹಾಡು!”

ಧ್ವನಿ ತಂತ್ರಜ್ಞ ಗುಂಡಿ ಏರಿಸಿದ. ನಾವೆಲ್ಲ ಅವನನ್ನು ಗುಂಡಿ ಮಾಸ್ತರ ಎಂದೇ ಕರೆಯುವುದು.

“ಏನ್ ಮೇಡಂ, ಸೊಳ್ಳೆ ಹೊಡೀತಿದ್ರಾ?” ಎಂದ, ನನ್ನ ಕೈ ನೋಡಿ.

“ಹೂಂ, ಸೊಳ್ಳೆ.”

ಯಾವ ದೇಶದಲ್ಲಿ ಯಾವ ವಾರ ಯಾವ ಹಾಡು ಮೊದಲ ಸ್ಥಾನದಲ್ಲಿತ್ತೆಂದು ಹುಡುಕುವುದು ನನ್ನ ಕೆಲಸ. ಬಾನುಲಿ ಕೇಂದ್ರದ ಹಿಂಬದಿ ಕೋಣೆಯಲ್ಲಿ, ಹಳೆಯ ಸಂಗೀತ ಪತ್ರಿಕೆಗಳ ಕಟ್ಟುಗಳ ನಡುವೆ, ಹನ್ನೆರಡು ವರ್ಷ. ಒಂದೊಂದು ದೇಶಕ್ಕೆ ಒಂದೊಂದು ಚಾಳಿ. ಒಂದರಲ್ಲಿ ಮಾರಾಟವಾದ ರೆಕಾರ್ಡುಗಳನ್ನು ಎಣಿಸುತ್ತಾರೆ. ಇನ್ನೊಂದರಲ್ಲಿ ಅಂಗಡಿಯವರಿಗೆ ಫೋನು ಮಾಡಿ ಕೇಳಿ, ಅವರು ಹೇಳಿದ್ದನ್ನೇ ನಂಬುತ್ತಾರೆ. ಈ ಬಂದರಿನ ದೇಶದ್ದು ಬೇರೆಯೇ ಕತೆ: ಪತ್ರಿಕೆ ಅಂಗಡಿಯಲ್ಲಿ ಹಳತಾಗಿ ಕಾಣಬಾರದೆಂದು ಅದರ ಮೇಲೆ ಮುಂದಿನ ವಾರದ ತಾರೀಕು ಹಾಕುತ್ತಾರೆ. ಅಲ್ಲಿಯದನ್ನು ಹುಡುಕುವಾಗ ಒಂದು ಸಂಚಿಕೆ ಮುಂದೆ ಹೋಗಬೇಕು. ಆ ದೇಶದ ಹಾಡು ಬರೆದು ತಂಗಿಗೆ ಕೊಡುವ ಪ್ರತಿ ಚೀಟಿಯ ಮೇಲೂ ನಾನು ಕೆಂಪು ಪೆನ್ಸಿಲಿನಲ್ಲಿ ಮುಂದೆ ತೋರುವ ಬಾಣ ಎಳೆಯುತ್ತೇನೆ.

ಇವತ್ತು ತಂಗಿ ನನ್ನ ಚೀಟಿಗೆ ಕಾಯಲಿಲ್ಲ. ನಾನು ಊಟಕ್ಕೆ ಹೋಗಿದ್ದಾಗ ತಾನೇ ಕಟ್ಟು ಬಿಚ್ಚಿ, ಮೇಲಿನ ತಾರೀಕು ನೋಡಿ ಬರೆದುಕೊಂಡಿದ್ದಳು.

ಅವಳನ್ನು ಇಲ್ಲಿಗೆ ಕರೆತಂದವಳು ನಾನೇ. ಧ್ವನಿ ಪರೀಕ್ಷೆಗೆ ಮೊದಲು ಕೂತವಳೂ ನಾನೇ. “ದನಿಯಲ್ಲಿ ಮರಳು ಇದೆ” ಎಂದಿದ್ದರು ಅಧಿಕಾರಿ. ತಂಗಿಯ ದನಿ ಕೇಳಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟಿದ್ದರು. ಆಮೇಲೆ ಅವಳಿಗೆ ಚೀಲ ಚೀಲ ಪತ್ರ. “ಎಷ್ಟು ಚೆನ್ನಾಗಿ ಹುಡುಕ್ತೀಯಮ್ಮಾ, ನೀನು ನೂರು ವರ್ಷ ಬಾಳು.” ಆ ಪತ್ರಗಳನ್ನು ಒಡೆದು ತಾರೀಕಿನ ಪ್ರಕಾರ ಜೋಡಿಸುವವಳು ನಾನು.

ಕಾರ್ಯಕ್ರಮ ಮುಗಿಸಿ ಅವಳು ಹೊರಬಂದಳು. ಕೆನ್ನೆ ಕೆಂಪಾಗಿತ್ತು.

“ಅಕ್ಕಾ, ಗೊತ್ತಾ, ಆ ಅಜ್ಜ ಫೋನಲ್ಲಿ ಅತ್ತೇಬಿಟ್ರು ಕಣೇ!”

“ನೀನೇ ಹುಡುಕಿದ್ಯಾ?”

“ಮತ್ತಿನ್ಯಾರು? ಒಂದಿನ ನಾನೂ ಧೂಳು ತಿಂದೆ ಅನ್ಕೋ. ಅಯ್ಯೋ, ಅದಕ್ಯಾಕೆ ಮುಖ ಹಾಗೆ ಮಾಡ್ಕೋತೀಯ? ನಿನ್ನ ಕಟ್ಟೆಲ್ಲ ಮೊದಲಿದ್ದ ಹಾಗೇ ಕಟ್ಟಿಟ್ಟಿದೀನಿ.”

ಮೂರು ಪದ ಸಾಕಿತ್ತು: ಒಂದು ಸಂಚಿಕೆ ಮುಂದೆ. ನುಂಗಿಕೊಂಡೆ. ಹೇಳಿದ್ದರೆ ನಾಳೆ ಅವಳೇ ಮೈಕಿನಲ್ಲಿ ನಗುತ್ತಾ ತಿದ್ದುತ್ತಿದ್ದಳು. ಆ ತಿದ್ದುವಿಕೆಗೂ ಒಂದು ಚೀಲ ಪತ್ರ ಬರುತ್ತಿತ್ತು. ಇಲ್ಲ. ಈ ಒಬ್ಬ ಕೇಳುಗ ನನ್ನವನಾಗಬೇಕು. ಹುಡುಕಿದವಳು ಯಾರೆಂದು ಒಬ್ಬನಿಗಾದರೂ ಗೊತ್ತಾಗಬೇಕು.

ಸರಿಯಾದ ಹಾಡನ್ನು ಕ್ಯಾಸೆಟ್ಟಿಗೆ ಇಳಿಸಿಕೊಂಡು, ಅಜ್ಜನ ಪತ್ರದ ಮೇಲಿನ ವಿಳಾಸ ಹಿಡಿದು ಮರುದಿನ ಬೆಳಿಗ್ಗೆ ಹೋದೆ. ಮೂರನೇ ಮಹಡಿ. ಬಾಗಿಲು ತೆಗೆದೇ ಇತ್ತು. ಹಡಗಿನ ಅಡುಗೆಮನೆಯಷ್ಟೇ ಇಕ್ಕಟ್ಟಾದ ಅಡುಗೆಮನೆಯಲ್ಲಿ ಮುದುಕ ಈರುಳ್ಳಿ ಹೆಚ್ಚುತ್ತಿದ್ದ, ಕಾಲು ಅಗಲಿಸಿ ನಿಂತು, ನೆಲ ಈಗಲೂ ಓಲಾಡುತ್ತಿದೆಯೋ ಎಂಬಂತೆ.

“ರೇಡಿಯೋದವರಾ? ಆ ದನಿ ನಿಮ್ದೇನಾ?” ಅವನ ಮುಖ ಅರಳಿತು.

“ಅಲ್ಲ. ನಾನು ಅವಳ ಅಕ್ಕ. ಹಾಡು ಹುಡುಕೋದು ನಾನು.”

“ಓ.” ಅರಳಿದ್ದು ಸ್ವಲ್ಪ ಮುದುಡಿತು. “ಬನ್ನಿ, ಕೂತ್ಕೊಳ್ಳಿ. ಕಣ್ಣುರಿಯುತ್ತೆ, ಕಿಟಕಿ ಪಕ್ಕ ಕೂತ್ಕೊಳ್ಳಿ.”

ತಾರೀಕಿನ ವಿಷಯ ಬಿಡಿಸಿ ಹೇಳಿದೆ. ಪತ್ರಿಕೆಯ ಎರಡು ಪುಟಗಳನ್ನು ಪಕ್ಕಪಕ್ಕ ಇಟ್ಟು ತೋರಿಸಿದೆ. ತಂಗಿ ಎಲ್ಲಿ ಎಡವಿದಳೆಂಬುದನ್ನು ಎರಡು ಸಲ ಹೇಳಿದೆ. ಎರಡನೆಯ ಸಲ ಅಗತ್ಯವಿರಲಿಲ್ಲ. ಅವನು ಚಾಕು ಹಿಡಿದೇ ಕೇಳಿದ.

“ಅಂದ್ರೆ ನಾನವತ್ತು ಕೇಳಿದ್ದು ಇದು.”

“ಇದೇ. ಅನುಮಾನವೇ ಬೇಡ.” ಕ್ಯಾಸೆಟ್ಟನ್ನು ಮುಂದೆ ಸರಿಸಿದೆ.

“ನನ್ನ ಮಗಳಿದಾಳಲ್ಲ,” ಎಂದ, “ಹಿಂದಿನ ಬೀದೀಲೇ ಮನೆ. ‘ನಾನು ಹುಟ್ಟಿದಾಗ ನೀನೆಲ್ಲಿದ್ದೆ’ ಅಂತ ಮೂವತ್ತೆಂಟು ವರ್ಷ ಚುಚ್ಚಿದಾಳೆ. ಸಾರಿಗೆ ಉಪ್ಪು ಜಾಸ್ತಿ ಆದ್ರೂ ಅದೇ ಮಾತು. ನಿನ್ನೆ ರೇಡಿಯೋ ಕೇಳಿ ಚಪ್ಪಲೀನೂ ಮೆಟ್ಟದೆ ಓಡಿಬಂದ್ಲು. ‘ಅಪ್ಪಾ, ನನಗೊಂದು ಹಾಡಿತ್ತಾ?’ ಅಂದ್ಲು. ಸಂಜೆಯಿಡೀ ಇಬ್ರೂ ಅದನ್ನೇ ಗುನುಗಿದ್ವಿ. ಭಾಷೆ ಬರಲ್ಲ, ಬಾಯಿಗೆ ಬಂದಿದ್ದು ಹಾಡಿದ್ವಿ. ಮೊಮ್ಮಕ್ಕಳು ಬಿದ್ದು ಬಿದ್ದು ನಕ್ಕವು.”

ತಂಗಿಯ ತಪ್ಪು ಕೂಡ ನನ್ನ ಸತ್ಯಕ್ಕಿಂತ ಮೊದಲೇ ಬಂದು ಈ ಮನೆಯಲ್ಲಿ ಕಾಲು ಚಾಚಿ ಕೂತಿತ್ತು.

“ಆದ್ರೆ ಅದು ತಪ್ಪು ಹಾಡು,” ಎಂದೆ. ನನ್ನ ದನಿಯ ಮರಳು ನನಗೇ ಕೇಳಿಸಿತು. “ಇದು ನಿಜವಾದದ್ದು. ಒಂದ್ಸಲ ಕೇಳಿ. ನಾನೇ ಹುಡುಕಿದ್ದು.”

ಮುದುಕ ಒದ್ದೆ ಕೈಯ ಹಿಂಬದಿಯಿಂದ ಕ್ಯಾಸೆಟ್ಟನ್ನು ನನ್ನತ್ತ ತಳ್ಳಿದ.

“ನನಗೆ ಬೇಡಮ್ಮ. ತಗೊಂಡ್ಹೋಗಿ.”